ಗುಂಗಾಡ (ಸೊಳ್ಳಿ), ಹುಳ ಕಡಿದ ಜಾಗ ಕಪ್ಪು ಕಲೆ ಆಗದಂಗ ಏನ್ ಮಾಡಬೇಕ್ರಿ?

ಕಾರಟಗಿ ತಾಯಿ
ಎಲ್ಲಾರಿಗೂ ನಮಸ್ಕಾರ್ರಿ. ಐದು ವರ್ಷದ ಹುಡುಗಿ. ಮೊಣಕಾಲ ಕೆಳಗ ಎರಡೂ ಕಾಲಿಗೆ ಗುಂಗಾಡ ಕಡಿದು ಕಡಿದು ಇಪ್ಪತ್ತರ ಮ್ಯಾಲೆ ಕಲೆ ಆಗ್ಯಾವ. ಒಂದಿಷ್ಟು ಹೊಸವು, ಕೆಂಪಗ ಅದಾವ. ಒಂದಿಷ್ಟಕ್ಕ ಹಕ್ಕಳಿ ಕಟ್ಟೈತಿ. ಒಂದೆರಡು ಕಡೆ ಸಣ್ಣ ಗುಂಡಿ ಬಿದ್ದಂಗ ಕಾಣತೈತಿ. ಮನಿ ಸುತ್ತ ಭತ್ತದ ಗದ್ದಿ, ಕಾಲುವಿ ನೀರು. ಹೊಸದಾಗಿ ಕಡಿದಾಗ ಏನು ಮಾಡಿದ್ರ ಕಲೆ ಉಳಿಯಂಗಿಲ್ಲ? ಹಳೇವು ಹೋಗ್ತಾವೇನು? ಅಂಗಡ್ಯಾಗ ಕೇಳಿದ ಕೂಡಲೇ ಕೊಡೋ ಟ್ಯೂಬ್ ಹಚ್ಚಬಹುದಾ? ತಿಳಿದವರು ಬಿಡಿಸಿ ಹೇಳ್ರಿ.

ರಾಯಚೂರು ಚರ್ಮ ವೈದ್ಯ
ಅಕ್ಕಾರೆ, ಮೊದಲು ಕಣ್ಣು ಮುಚ್ಚಿ ಆ ಕಲೆಗಳ ಮೇಲೆ ಬೆರಳಾಡಿಸಿ ನೋಡ್ರಿ. ಬೆರಳಿಗೆ ಏನೂ ಸಿಗದೆ ನುಣ್ಣಗೆ ಇದ್ದರೆ ಅದು ಬರೀ ಬಣ್ಣದ ಕಲೆ. ತಗ್ಗು ಅಥವಾ ಉಬ್ಬು ಸಿಕ್ಕರೆ ಅದು ಗಾಯದ ಕಲೆ. ಬಣ್ಣದ್ದು ತಡವಾಗಿಯಾದರೂ ಹೋಗುತ್ತೆ. ಗಾಯದ್ದು ಪೂರ್ತಿ ಹೋಗೋದಿಲ್ಲ. ಆದ್ದರಿಂದ ಗಾಯ ಆಗದ ಹಾಗೆ ನೋಡಿಕೊಳ್ಳೋದೇ ದೊಡ್ಡ ಕೆಲಸ.

ಸೊಳ್ಳೆ ಚುಚ್ಚಿದ ತೂತಿನಿಂದ ಕಲೆ ಆಗೋದಿಲ್ಲ. ಚುಚ್ಚುವಾಗ ಒಳಗೆ ಬಿಡೋ ಜೊಲ್ಲಿನ ಪ್ರೋಟೀನು ಮೈಗೆ ಆಗಿಬರೋದಿಲ್ಲ. ಹಿಸ್ಟಮಿನ್ ಅನ್ನೋ ತುರಿಕೆ ತರೋ ರಾಸಾಯನಿಕ ಬಿಡುಗಡೆಯಾಗಿ ಹದಿನೈದಿಪ್ಪತ್ತು ನಿಮಿಷದಲ್ಲಿ ದದ್ದು ಏಳುತ್ತೆ, ಒಂದೆರಡು ತಾಸಿಗೆ ಇಳಿಯುತ್ತೆ. ಅಲ್ಲಿಗೆ ಮುಗೀತು ಅಂದ್ಕೋಬೇಡ್ರಿ. ಜೋರು ತುರಿಕೆ ಇರೋದು ಮಾರನೇ ದಿನ. 24ರಿಂದ 36 ತಾಸಿನ ಹೊತ್ತಿಗೆ ಅದೇ ಜಾಗದಲ್ಲಿ ಗಟ್ಟಿ ಗುಳ್ಳೆ ಎದ್ದು ನಾಲ್ಕೈದು ದಿನ, ಕೆಲವರಿಗೆ ವಾರಕ್ಕೂ ಹೆಚ್ಚು ತುರಿಸುತ್ತೆ. ಕಲೆ ಹುಟ್ಟೋದು ಈ ದಿನಗಳಲ್ಲಿ.

ಹೊರಚರ್ಮ ಮೈಯ ಬಹುಪಾಲು ಕಡೆ ನೋಟ್‌ಬುಕ್ಕಿನ ಹಾಳೆಯಷ್ಟೇ ದಪ್ಪ, ಸುಮಾರು 0.1 ಮಿಲಿಮೀಟರ್. ಆ ಹಾಳೆಯ ತಳದಲ್ಲಿ ಬಣ್ಣ ಮಾಡೋ ಕಣಗಳು ಕೂತಿರ್ತವೆ. ಉರಿಯೂತ, ಉಗುರಿನ ಉಜ್ಜಾಟ ಎರಡೂ ಅವನ್ನು ಕೆಣಕುತ್ತವೆ. ನಮ್ಮ ಕಡೆ ಮೈಬಣ್ಣದವರಲ್ಲಿ ಆ ಕಣಗಳು ಬೇಗ ಕೆರಳಿ ಬಣ್ಣ ಜಾಸ್ತಿ ಸುರಿಸುತ್ತವೆ. ಬಣ್ಣ ಆ ಹಾಳೆಯಲ್ಲೇ ನಿಂತರೆ ಕಲೆ ಕಂದಾಗಿ ಕಾಣುತ್ತೆ, ಆರು ತಿಂಗಳಿಂದ ವರ್ಷದೊಳಗೆ ತಿಳಿಯಾಗುತ್ತೆ. ತಳ ಒಡೆದು ಒಳಚರ್ಮಕ್ಕೆ ಇಳಿದರೆ ಬೂದಿ-ನೀಲಿ ಬಣ್ಣ, ಅದು ವರ್ಷಗಟ್ಟಲೆ ಉಳಿಯುತ್ತೆ. ಉಗುರೋ ಕೀವೋ ಒಳಚರ್ಮವನ್ನೇ ಕೊರೆದರೆ ಗುಂಡಿ ಬೀಳುತ್ತೆ.

ಹಾಗಾಗಿ ಕಲೆ ತಡೆಯೋ ಔಷಧ ಅಂದರೆ ತುರಿಕೆ ನಿಲ್ಲಿಸೋ ಔಷಧ. ಕಲೆಯ ಕ್ರೀಮು ಆಮೇಲಿನ ಮಾತು.

ಕಡಿದ ಕೂಡಲೇ ಸೋಪು ನೀರಿನಿಂದ ತೊಳೀರಿ. ಎರಡು ಮೂರು ಐಸ್ ತುಂಡು ಕರವಸ್ತ್ರದಲ್ಲಿ ಸುತ್ತಿ ಹತ್ತು ನಿಮಿಷ ಇಡ್ರಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಇಡ್ರಿ. ಐಸ್ ನೇರವಾಗಿ ಚರ್ಮಕ್ಕೆ ತಾಗಬಾರದು. ಬಹಳ ಹೊತ್ತು ಒತ್ತಿ ಹಿಡಿದರೆ ಚರ್ಮ ಬೆಂದ ಹಾಗೆ ಆಗಿ ಅದೇ ಇನ್ನೊಂದು ಕಲೆ ಬಿಡುತ್ತೆ. ಐಸ್ ಇಲ್ಲದಿದ್ದರೆ ಮಡಕೆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ತಂಪು ತುರಿಕೆಯ ನರವನ್ನು ಸುಮ್ಮನಾಗಿಸುತ್ತೆ, ಊತಾನೂ ಇಳಿಸುತ್ತೆ.

ಗಂಗಾವತಿ ಔಷಧಿ ಅಂಗಡಿ
ಡಾಕ್ಟ್ರು ಹೇಳಿದ್ದಕ್ಕ ನಾ ಅಳತಿ ಸೇರಿಸ್ತೀನ್ರಿ.

ಕ್ಯಾಲಮೈನ್ ಲೋಷನ್: ಬಾಟ್ಲಿ ನಿಂತ್ರ ಗುಲಾಬಿ ಪುಡಿ ಕೆಳಗ ಕೂರತೈತಿ, ಮ್ಯಾಲೆ ಬರೀ ನೀರು. ಅಲುಗಾಡಿಸದ ಹಚ್ಚಿದ್ರ ನೀರು ಹಚ್ಚಿದಂಗ. ಚೆಂದಾಗಿ ಅಲುಗಾಡಿಸಿ, ಹತ್ತ್ಯಾಗ ತಗೊಂಡು ಗುಳ್ಳಿ ಮ್ಯಾಲೆ ಒತ್ತಿ ಬಿಡ್ರಿ, ತಿಕ್ಕಬ್ಯಾಡ್ರಿ. ದಿನಕ್ಕ ಮೂರು ನಾಕು ಸಲ. ಒಡೆದ ಗಾಯಕ್ಕ, ಕಣ್ಣು-ತುಟಿ ಹತ್ರ ಬ್ಯಾಡ. ಕ್ಯಾಲಮೈನ್ ಜೊತಿ ಡೈಫೆನ್‌ಹೈಡ್ರಮೈನ್ ಅನ್ನೋ ಅಲರ್ಜಿ ಔಷಧ ಸೇರಿಸಿದ್ದೂ ಬರತಾವ, ಮಕ್ಕಳಿಗೆ ಅದು ಬ್ಯಾಡ. ಚರ್ಮಕ್ಕ ಅಲರ್ಜಿ ಆಗಬಹುದು, ಬಹಳ ಜಾಗಕ್ಕ ಹಚ್ಚಿದ್ರ ಮೈಯೊಳಗ ಇಳಿದು ಮಂಪರು ಬರತೈತಿ. ಲೇಬಲ್ ಓದಿ ತಗೋರಿ.

ಹೈಡ್ರೋಕಾರ್ಟಿಸೋನ್ 1%: ಕ್ಯಾಲಮೈನಿಗೆ ಬಗ್ಗದ ಗಟ್ಟಿ ಗುಳ್ಳಿಗೆ ಈ ಸೌಮ್ಯ ಸ್ಟಿರಾಯ್ಡ್ (ಉರಿಯೂತ ಇಳಿಸೋ) ಕ್ರೀಮು. ಮುಂಜಾನಿ ಒಮ್ಮೆ, ರಾತ್ರಿ ಒಮ್ಮೆ, ಐದರಿಂದ ಏಳು ದಿನ, ಅಷ್ಟರ ಮ್ಯಾಲೆ ಬ್ಯಾಡ. ದೊಡ್ಡವರ ತೋರುಬೆರಳಿನ ತುದಿ ಗೆರಿಯಿಂದ ಬೆರಳ ತುದಿ ತನಕ ಟ್ಯೂಬ್ ಒತ್ತಿದ್ರ ಅರ್ಧ ಗ್ರಾಂ ಆಗತೈತಿ. ಅಷ್ಟು ಕ್ರೀಮು ಎರಡು ಅಂಗೈ ಅಗಲದ ಜಾಗಕ್ಕ ಸಾಕು. ಒಂದು ಗುಳ್ಳಿಗೆ ಸಾಸಿವಿ ಕಾಳಿನಷ್ಟು ತಗೊಂಡು ಗುಳ್ಳಿ ಮ್ಯಾಲಷ್ಟೇ ಹಚ್ಚರಿ. ಕ್ಯಾಲಮೈನ್ ಪುಡಿ ಮ್ಯಾಲೆ ಕ್ರೀಮು ಹಚ್ಚಿದ್ರ ಕ್ರೀಮು ಚರ್ಮಕ್ಕ ಮುಟ್ಟಂಗಿಲ್ಲ, ಹಂಗಾಗಿ ಕ್ರೀಮು ಹಚ್ಚೋ ಹೊತ್ತಿಗೆ ಕ್ಯಾಲಮೈನ್ ತೊಳದಿರಬೇಕು. ಚರ್ಮ ಒಡೆದು ರಕ್ತ ಅಥವಾ ಕೀವು ಇದ್ರ ಈ ಕ್ರೀಮು ಬ್ಯಾಡ.

ಸಿಟ್ರಿಜಿನ್: ಇದು ತುರಿಕಿ ತಗ್ಗಿಸಾಕ ಬಾಯಿಲೆ ತಗೊಳ್ಳೋ ಔಷಧ. ದೊಡ್ಡವರಿಗೆ 10 ಮಿಲಿಗ್ರಾಂ, ರಾತ್ರಿ ಒಂದು. ಎರಡರಿಂದ ಆರು ವರ್ಷದವರಿಗೆ 2.5 ಮಿಲಿಗ್ರಾಂ ದಿನಕ್ಕ ಎರಡು ಸಲ. 5 ಮಿಲಿಲೀಟರಿಗೆ 5 ಮಿಲಿಗ್ರಾಂ ಇರೋ ಸಿರಪ್ ಆದ್ರ ಅದು 2.5 ಮಿಲಿಲೀಟರ್. ಅಡಿಗಿ ಮನಿ ಚಮಚೆ ಅಳತಿಗೆ ಬರಂಗಿಲ್ಲ, ಬಾಟ್ಲಿ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಹಿಡೀರಿ. ಎರಡು ವರ್ಷದ ಒಳಗಿನವರಿಗೆ, ಮೂತ್ರಪಿಂಡದ ತೊಂದರಿ ಇದ್ದವರಿಗೆ ಡಾಕ್ಟ್ರನ್ನ ಕೇಳದ ಕೊಡಬ್ಯಾಡ್ರಿ. ನಿದ್ದಿ ಬರತೈತಿ, ಟ್ರ್ಯಾಕ್ಟರ್ ಹೊಡಿಯೋರು, ಬೈಕ್ ಹೊಡಿಯೋರು ನೋಡಿ ತಗೋರಿ.

ಸಿರುಗುಪ್ಪ ಮೇಷ್ಟ್ರು
ನಮ್ಮ ಕಡೆ ಹುಳ ಕಡಿದ ಕೂಡಲೇ ಎಲೆಯಡಿಕೆಯ ಸುಣ್ಣ ಹಚ್ಚುವುದು ರೂಢಿ. ಕೆಲವರು ನಿಂಬೆಹಣ್ಣು ಉಜ್ಜುತ್ತಾರೆ, ಟೂತ್‌ಪೇಸ್ಟ್ ಹಚ್ಚುತ್ತಾರೆ. ಚಮಚ ಬಿಸಿ ಮಾಡಿ ಒತ್ತುವವರೂ ಇದ್ದಾರೆ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಶಾಲೆಯಲ್ಲಿ ಮಕ್ಕಳಿಗೆ ಹೇಳಲು ಬೇಕಿತ್ತು.

ರಾಯಚೂರು ಚರ್ಮ ವೈದ್ಯ
ಮೇಷ್ಟ್ರೆ, ಒಳ್ಳೆ ಪ್ರಶ್ನೆ. ಎಷ್ಟೋ ಕಾಯಂ ಕಲೆಗಳು ಮದ್ದಿನಿಂದಲೇ ಆಗಿರ್ತವೆ.

ಸುಣ್ಣ ಬೇಡವೇ ಬೇಡ. ಒದ್ದೆ ಸುಣ್ಣದ ಕ್ಷಾರದ ಅಳತೆ (ಪಿಎಚ್, 14ರ ತನಕ ಇರೋದು) 12ರ ಮೇಲೆ. ತುರಿಕೆ ನಿಂತಂತೆ ಅನ್ನಿಸೋದು ಉರಿ ಅದನ್ನು ಮುಚ್ಚಿಹಾಕೋದರಿಂದ. ಅದೇ ಹೊತ್ತಿಗೆ ಸುಣ್ಣ ಕೆಳಗಿನ ಚರ್ಮ ಸುಡ್ತಾ ಇರುತ್ತೆ. ಸೊಳ್ಳೆ ಕಡಿತ ಸಾಸಿವೆಯಷ್ಟು, ಸುಣ್ಣದ ಸುಟ್ಟ ಕಲೆ ನಾಣ್ಯದಷ್ಟು. ಬೆಳ್ಳುಳ್ಳಿ ಜಜ್ಜಿ ಕಟ್ಟೋದೂ ಹಾಗೇ, ಒಂದು ರಾತ್ರಿಗೆ ಬೊಬ್ಬೆ ಎಬ್ಬಿಸುತ್ತೆ.

ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಅದರ ರಸದಲ್ಲಿರೋ ವಸ್ತು ಸೂರ್ಯನ ಕಿರಣದ ಜೊತೆ ಸೇರಿ ಚರ್ಮ ಸುಡುತ್ತೆ. ರಸ ಹರಿದ ದಾರಿಯಲ್ಲೇ ಕಂದು ಪಟ್ಟಿ ಮೂಡಿ ತಿಂಗಳುಗಟ್ಟಲೆ ಉಳಿಯುತ್ತೆ. ಕಲೆ ತೆಗೀಲಿ ಅಂತ ನಿಂಬೆ ಹಚ್ಚಿ ಕಲೆ ಹೆಚ್ಚಿಸಿಕೊಂಡು ಬರೋರು ಬೇಸಿಗೆಯಲ್ಲಿ ಬಹಳ.

ಟೂತ್‌ಪೇಸ್ಟಿನ ಮೆಂಥಾಲ್ ತಂಪು ಕೊಡುತ್ತೆ, ಆದರೆ ಅದರ ನೊರೆ ಪದಾರ್ಥ ಚರ್ಮ ಒಣಗಿಸಿ ಕೆರಳಿಸುತ್ತೆ. ನೀರು ಬೆರೆಸದ ಡೆಟಾಲು, ಸೀಮೆಎಣ್ಣೆ ಇವೂ ಬೇಡ.

ಬಿಸಿ ಚಮಚದ ಹಿಂದೆ ಒಂದು ನಿಜ ಇದೆ. 50 ಡಿಗ್ರಿ ಆಸುಪಾಸಿನ ಶಾಖ ಕೆಲವೇ ಸೆಕೆಂಡು ಕೊಟ್ಟರೆ ತುರಿಕೆ ತಗ್ಗುತ್ತೆ, ಅದಕ್ಕೆಂದೇ ಶಾಖ ಅಳೆದು ಕೊಡೋ ಸಾಧನಗಳಿವೆ. ಆದರೆ ಒಲೆಯ ಮೇಲೆ ಕಾಯಿಸಿದ ಚಮಚದ ಶಾಖ ಯಾರಿಗೂ ಗೊತ್ತಾಗೋದಿಲ್ಲ. ಮಕ್ಕಳಿಗೆ, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಅದು ಬರೆ ಎಳೆದ ಹಾಗೆ.

ಒಡೆಯದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚೋದು ತಪ್ಪಲ್ಲ. ಒಣ ಚರ್ಮ ಹೆಚ್ಚು ತುರಿಸುತ್ತೆ, ಎಣ್ಣೆ ಆ ಮಟ್ಟಿಗೆ ಸಹಾಯ. ಅರಿಶಿಣದಿಂದ ಹೆಚ್ಚಿನವರಿಗೆ ತೊಂದರೆ ಇಲ್ಲ, ಆದರೆ ಹಸಿ ಗಾಯಕ್ಕೆ ಅಡಿಗೆ ಡಬ್ಬಿಯ ಪುಡಿ ತುಂಬಬೇಡ್ರಿ.

ಮಾನ್ವಿ ಸಿಸ್ಟರ್
ಹಕ್ಕಳೆ ಬಗ್ಗೆ ನಾನು ಹೇಳುತ್ತೇನೆ. ಕಾರಟಗಿ ಅಕ್ಕನ ಮಗಳಿಗೆ ಗುಂಡಿ ಬಿದ್ದಿರುವುದು ಅಲ್ಲಿಯೇ.

ಹಕ್ಕಳೆ ಒಣಗಲಿ, ಗಾಳಿಗೆ ಬಿಡಿ ಎನ್ನುವುದು ಹಳೆಯ ಮಾತು. ಒಣಗಿ ಬಿರುಸಾದ ಹಕ್ಕಳೆ ಅಂಚಿನಲ್ಲಿ ಬಿರಿಯುತ್ತದೆ, ತುರಿಸುತ್ತದೆ, ಮಗು ಕೀಳುತ್ತದೆ. ಕಿತ್ತಾಗ ಅಡಿಯಲ್ಲಿ ಬೆಳೆಯುತ್ತಿದ್ದ ಎಳೆಯ ಚರ್ಮವೂ ಅದರ ಜೊತೆ ಬರುತ್ತದೆ. ಗಾಯ ಮತ್ತೆ ಮೊದಲಿನಿಂದ ಶುರು, ಪ್ರತಿ ಸಲ ಇನ್ನಷ್ಟು ಆಳ. ತೇವ ಇದ್ದರೆ ಹೊಸ ಚರ್ಮ ಅಂಚಿನಿಂದ ನಡುವಿಗೆ ಸಲೀಸಾಗಿ ಹಬ್ಬುತ್ತದೆ.

ಮಾಡುವ ಕ್ರಮ: ಕೈ ತೊಳೆದುಕೊಳ್ಳಿ. ಗಾಯವನ್ನು ನೀರು ಮತ್ತು ಸಾದಾ ಸೋಪಿನಿಂದ ತೊಳೆದು ಒತ್ತಿ ಒರೆಸಿ. ಹಕ್ಕಳೆ ತಾನಾಗಿ ನೆನೆದು ಬಂದರೆ ಬರಲಿ, ಎಳೆಯಬೇಡಿ. ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ಡಬ್ಬಿಗೆ ಬೆರಳದ್ದಬೇಡಿ, ಹತ್ತಿಯಿಂದ ತೆಗೆಯಿರಿ. ಮೇಲೆ ಸಣ್ಣ ಗಾಜ್ ತುಂಡು ಇಟ್ಟು ಕಾಗದದ ಅಂಟುಪಟ್ಟಿ ಹಾಕಿ. ದಿನಕ್ಕೊಮ್ಮೆ ಬದಲಿಸಿ, ಒದ್ದೆಯಾದರೆ ಆಗಲೇ ಬದಲಿಸಿ. ಚರ್ಮ ಮುಚ್ಚಿ ಗುಲಾಬಿ ಬಣ್ಣಕ್ಕೆ ಬರುವ ತನಕ ಇದೇ. ನಮ್ಮ ಬಿಸಿಲಿಗೆ ಬೆವರು ಹೆಚ್ಚು. ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಬೆವರು ನಿಂತು ಸುತ್ತಲೂ ಬೆವರುಸಾಲೆ ಏಳುತ್ತದೆ, ಅದಕ್ಕೇ ಕಾಗದದ ಪಟ್ಟಿ.

ಹಕ್ಕಳೆ ಜೇನಿನ ಬಣ್ಣದ್ದಾಗಿದ್ದರೆ, ಪಕ್ಕಪಕ್ಕದಲ್ಲಿ ಹೊಸ ಹಸಿ ಗಾಯ ಹುಟ್ಟುತ್ತಿದ್ದರೆ ಸೋಂಕು ತಗುಲಿದೆ ಎಂದೇ ಅರ್ಥ. ಒಂದೆರಡು ಸಣ್ಣ ಗಾಯವಾದರೆ ವೈದ್ಯರು ಮ್ಯುಪಿರೋಸಿನ್ 2% ಮುಲಾಮು ದಿನಕ್ಕೆ ಎರಡು ಮೂರು ಸಲ, ಐದು ದಿನಕ್ಕೆ ಬರೆಯುತ್ತಾರೆ. ಹೆಚ್ಚಿದ್ದರೆ ಬಾಯಿಂದ ಔಷಧ ಬೇಕಾಗುತ್ತದೆ. ಬಿಟ್ಟರೆ ಸೋಂಕು ಒಳಚರ್ಮ ತಿಂದು, ಕಪ್ಪು ದಪ್ಪ ಹಕ್ಕಳೆಯ ಕೆಳಗೆ ಬಾವಿಯಂತೆ ತಗ್ಗು ಮಾಡುತ್ತದೆ. ಆ ತಗ್ಗು ಜೀವನಪೂರ್ತಿ ಉಳಿಯುತ್ತದೆ. ಇನ್ನೂ ಒಂದು ಭಯವಿದೆ. ಸ್ಟ್ರೆಪ್ಟೊಕಾಕಸ್ ಎನ್ನುವ ಬ್ಯಾಕ್ಟೀರಿಯಾದ ಸೋಂಕಾದರೆ ಸುಮಾರು ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ಮೂತ್ರಪಿಂಡ ಬಾವು ಬರುತ್ತದೆ. ಬೆಳಿಗ್ಗೆ ಮುಖ ಊದುವುದು, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ಕಡಿದ ಮೊದಲ ದಿನವೇ ದೊಡ್ಡದಾಗಿ ಊದಿ ತುರಿಸಿದರೆ ಬಹುತೇಕ ಅಲರ್ಜಿ. ಎರಡು ಮೂರು ದಿನದ ಮೇಲೆ ನೋವು ಏರುತ್ತಾ, ಬಿಸಿಯಾಗಿ, ಕೆಂಪು ಹಬ್ಬುತ್ತಾ ಹೋದರೆ ಸೋಂಕು. ಅನುಮಾನವಿದ್ದರೆ ಕೆಂಪಿನ ಅಂಚಿಗೆ ಬಾಲ್‌ಪೆನ್ನಿಂದ ಗೆರೆ ಎಳೆಯಿರಿ. ಮಾರನೇ ದಿನ ಕೆಂಪು ಗೆರೆ ದಾಟಿದ್ದರೆ ಕಾಯಬೇಡಿ.

ಕಾರಟಗಿ ತಾಯಿ
ಬಹಳ ಉಪಕಾರ ಆತ್ರಿ. ಜೇನಿನ ಬಣ್ಣದ ಹಕ್ಕಳಿ ಎರಡು ಕಡೆ ಐತಿ, ನಾಳೆ ತೋರಸ್ತೀವಿ. ಹಗಲು ಹೆಂಗೋ ತಡೀಬಹುದು, ರಾತ್ರಿ ನಿದ್ದಿಗಣ್ಣಾಗ ಕೆರಕೊಂತಾಳ, ಅದಕ್ಕೇನು ಮಾಡೋದು? ಮತ್ತ ದೊಡ್ಡ ಹುಡುಗಿಗೆ ಮುಂಜಾನಿ ಎದ್ದಾಗ ಕುತ್ತಿಗಿ ಮ್ಯಾಲೆ ಬೆರಳುದ್ದ ಕೆಂಪು ಗೆರಿ, ಉರಿ. ಸರ್ಪಸುತ್ತು ಅಂತಾರ, ಕೆಮ್ಮಣ್ಣು ಹಚ್ಚಿಸ್ರಿ ಅಂತಾರ. ಹಚ್ಚಸೋದಾ?

ಮಾನ್ವಿ ಸಿಸ್ಟರ್
ರಾತ್ರಿಗೆ: ಉಗುರು ಎರಡು ಮೂರು ದಿನಕ್ಕೊಮ್ಮೆ ಕತ್ತರಿಸಿ, ಕತ್ತರಿಸಿದ ಮೇಲೆ ಅಂಚು ಉಜ್ಜಿ ನಯ ಮಾಡಿ. ಹೊಸದಾಗಿ ಕತ್ತರಿಸಿದ ಉಗುರಿನ ಮೂಲೆ ಬ್ಲೇಡಿನಂತಿರುತ್ತದೆ. ಮೊಣಕಾಲ ತನಕ ಬರುವ ಹತ್ತಿಯ ಕಾಲುಚೀಲ ಹಾಕಿ, ಪಾದದ ಕಡೆ ಕತ್ತರಿಸಿದರೆ ಸೆಕೆ ಆಗುವುದಿಲ್ಲ. ಮಲಗುವ ಮೊದಲು ತಣ್ಣೀರಿನ ಬಟ್ಟೆ ಹತ್ತು ನಿಮಿಷ, ಆಮೇಲೆ ಔಷಧ. ಕೋಣೆ ತಂಪಾಗಿರಲಿ, ಮೈ ಬಿಸಿಯಾದಷ್ಟೂ ತುರಿಕೆ ಏರುತ್ತದೆ. ಕೆರೆಯಬೇಡ ಎಂದು ಬೈದರೆ ಮಗು ಕದ್ದು ಕೆರೆಯುತ್ತದೆ. ಬದಲಿಗೆ ಅಂಗೈಯಿಂದ ಒತ್ತಿ ಹಿಡಿಯುವುದನ್ನು, ಪಕ್ಕದ ಒಳ್ಳೆಯ ಚರ್ಮದ ಮೇಲೆ ತಟ್ಟುವುದನ್ನು ಕಲಿಸಿ.

ಭತ್ತದ ಗದ್ದಿ, ಸಿಂಧನೂರು
ಅಕ್ಕಾರ, ಕೆಮ್ಮಣ್ಣು ತಡೀರಿ. ಮುಂಜಾನಿ ಎದ್ದಾಗ ಕುತ್ತಿಗಿಗೆ ಗೆರಿ ಅಂದ್ರ ನಮ್ಮ ಗದ್ದಿ ಸೀಮ್ಯಾಗ ಮೊದಲು ನೆನಪಾಗಬೇಕಾದ್ದು ಪೆಡೆರಸ್ ಹುಳ.

ನೋಡಾಕ ದೊಡ್ಡ ಇರುವಿ ಇದ್ದಂಗ, ಉದ್ದ ಒಂದು ಸೆಂಟಿಮೀಟರ್ ಒಳಗ. ತಲಿ ಕರಿ, ಎದಿ ಕಿತ್ತಳಿ, ನಡು ಮ್ಯಾಲೆ ನೀಲಿ-ಹಸಿರು ಹೊಳೆಯೋ ಗಿಡ್ಡ ರೆಕ್ಕಿ ಕವಚ, ಅದರ ಹಿಂದ ಮತ್ತ ಕಿತ್ತಳಿ, ಬಾಲದ ತುದಿ ಕರಿ. ನಡೀವಾಗ ಹಿಂದಿನ ತುದಿ ಚೇಳಿನಂಗ ಮ್ಯಾಲೆತ್ತತೈತಿ. ಕಡಿಯಂಗಿಲ್ಲ, ಚುಚ್ಚಂಗಿಲ್ಲ. ಅದರ ಮೈ ನೀರಿನ್ಯಾಗ ಪೆಡೆರಿನ್ ಅನ್ನೋ ವಿಷ ಐತಿ. ಕುತ್ತಿಗಿ ಮ್ಯಾಲೆ ಏನೋ ಹರದಾಡಿದಂಗಾತು ಅಂತ ಕೈಲೆ ಒರಸಿದ್ರ ಹುಳ ಜಜ್ಜಿ, ಕೈ ಹೋದ ದಾರಿಗೆಲ್ಲ ವಿಷ ಬಳದಂಗ ಆಗತೈತಿ. ಅದಕ್ಕ ಗೆರಿ.

ಭತ್ತದ ಗದ್ದ್ಯಾಗ ಇರತೈತಿ, ಕೊಯ್ಲು ಬಂದಾಗ ನೆಲಿ ತಪ್ಪಿ ಬೆಳಕಿಗೆ ಹಾರಿ ಬರತೈತಿ. ಬಿಳಿ ಟ್ಯೂಬ್‌ಲೈಟು, ಬಿಳಿ ಎಲ್ಇಡಿ ಅದಕ್ಕ ಬಹಳ ಸೆಳೆತ. ಸಂಜಿ ಆರಕ್ಕ ಕಿಟಕಿ ಹಾಕ್ರಿ, ಹೊರಗಿನ ದೀಪ ಹಳದಿ ಬಣ್ಣದ್ದು ಹಾಕ್ರಿ, ಮಲಗೋ ಹಾಸಿಗಿ ದೀಪದ ನೇರ ಕೆಳಗ ಇರಬಾರದು. ಮಲಗೋ ಮುಂದ ದಿಂಬು, ಹೊದಿಕಿ ಝಾಡಿಸ್ರಿ. ಮೈಮ್ಯಾಲೆ ಕಂಡ್ರ ಊದಿ ಬಿಡ್ರಿ, ಇಲ್ಲಾ ಕಾಗದದ ಮ್ಯಾಲೆ ಹತ್ತಿಸಿ ಕೆಳಗ ಬಿಡ್ರಿ.

ಗದ್ದಿಗೆ ಇದಕ್ಕಂತ ಎಣ್ಣಿ (ಕೀಟನಾಶಕ) ಹೊಡೀಬ್ಯಾಡ್ರಿ. ಇದು ಕಂದು ಜಿಗಿಹುಳ ತಿನ್ನೋ ಮಿತ್ರ ಕೀಟ. ಇದನ್ನ ಕೊಂದ್ರ ಜಿಗಿಹುಳ ಮ್ಯಾಲೆ ಬರತೈತಿ, ಮತ್ತೆರಡು ಸಲ ಎಣ್ಣಿ ಖರ್ಚು.

ರಾಯಚೂರು ಚರ್ಮ ವೈದ್ಯ
ಸಿಂಧನೂರು ಅಣ್ಣಾರು ಹೇಳಿದ್ದು ಅಕ್ಷರಶಃ ಸರಿ. ಎರಡರ ವ್ಯತ್ಯಾಸ ಹೇಳ್ತೀನಿ. ಸರ್ಪಸುತ್ತಿನಲ್ಲಿ ಸಾಮಾನ್ಯವಾಗಿ ಗುಳ್ಳೆಗೆ ಎರಡು ಮೂರು ದಿನ ಮೊದಲೇ ನೋವು ಶುರುವಾಗುತ್ತೆ. ಮೈಯ ಒಂದೇ ಪಕ್ಕದಲ್ಲಿ, ನರದ ದಾರಿಯಲ್ಲಿ ಗೊಂಚಲು ಗೊಂಚಲಾಗಿ ಗುಳ್ಳೆ ಬರುತ್ತೆ. ಹುಳದ್ದು ಹಾಗಲ್ಲ. ವಿಷ ತಾಗಿದ 12ರಿಂದ 36 ತಾಸಿನಲ್ಲಿ, ಬಟ್ಟೆ ಇಲ್ಲದ ಜಾಗದಲ್ಲಿ ಕುಂಚದಿಂದ ಎಳೆದಂಥ ಗೆರೆ ಬರುತ್ತೆ, ಮುಂದೆ ಅದರ ಮೇಲೆ ಸಣ್ಣ ಬಿಳಿ ಗುಳ್ಳೆ ಏಳುತ್ತವೆ. ಮೊಣಕೈ ಮಡಿಕೆಯಲ್ಲಾದರೆ ಮಡಚಿದಾಗ ತಾಗೋ ಎರಡೂ ಕಡೆ ಅಚ್ಚು ಒತ್ತಿದ ಹಾಗೆ ಜೋಡಿ ಕಲೆ. ಅದನ್ನು ಕಂಡರೆ ಅನುಮಾನವೇ ಇಲ್ಲ.

ತಾಗಿದ್ದು ಗೊತ್ತಾದ ಕೂಡಲೇ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೀರಿ. ಆ ಕೈಯಿಂದ ಕಣ್ಣು ಮುಟ್ಟಬೇಡ್ರಿ, ರೆಪ್ಪೆ ಮುಚ್ಚೋ ಹಾಗೆ ಊದುತ್ತೆ. ದಿಂಬಿನ ಕವರು, ಬಟ್ಟೆ ತೊಳೆಯೋಕೆ ಹಾಕ್ರಿ. ಗೆರೆ ಬಂದ ಮೇಲೆ ತಣ್ಣೀರ ಬಟ್ಟೆ ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹತ್ತು ನಿಮಿಷ. ಮಧ್ಯಮ ಶಕ್ತಿಯ ಸ್ಟಿರಾಯ್ಡ್ ಕ್ರೀಮು ಕೆಲವು ದಿನ ಬೇಕಾಗಬಹುದು. ಕುತ್ತಿಗೆ ಚರ್ಮ ತೆಳು, ನೋಡಿ ಬರೆಸಿಕೊಂಡೇ ಹಚ್ಚಿರಿ. ಗುಳ್ಳೆ ಒಡೀಬೇಡ್ರಿ. ಹತ್ತು ದಿನದಿಂದ ಮೂರು ವಾರದೊಳಗೆ ಸಿಪ್ಪೆ ಎದ್ದು ಒಣಗುತ್ತೆ, ಕಂದು ಗೆರೆ ಕೆಲವು ತಿಂಗಳು ಇರುತ್ತೆ. ಕೆಮ್ಮಣ್ಣು ಹಚ್ಚಿದರೆ ಒಣಗಿದ ಮಣ್ಣು ಕೀಳುವಾಗ ಗುಳ್ಳೆಯ ಚರ್ಮವೂ ಕಿತ್ತು ಬರುತ್ತೆ. ಕೆಲವು ತಿಂಗಳಲ್ಲಿ ಹೋಗೋ ಗೆರೆ ಅಲ್ಲೇ ನಿಲ್ಲೋದು ಆಗ.

ಕುಷ್ಟಗಿ ಹುಡುಗ
ಇಷ್ಟೆಲ್ಲ ಯಾಕ್ರಿ? ಮೂರು ಔಷಧ ಕೂಡಿಸಿದ ಒಂದು ಟ್ಯೂಬ್ ಬರತೈತಿ. ತುರಿಕಿ, ಕೀವು, ಕಲೆ ಮೂರಕ್ಕೂ ಒಂದೇ. ವಾರದಾಗ ಚರ್ಮ ಬೆಳ್ಳಗ ಆಗತೈತಿ.

ಗಂಗಾವತಿ ಔಷಧಿ ಅಂಗಡಿ
ತಮ್ಮಾ, ಆ ಬೆಳ್ಳಗ ಆಗೋದೇ ಹಾನಿ ಶುರು ಆದ ಗುರುತು. ಟ್ಯೂಬ್ ಹಿಂದ ಸಣ್ಣ ಅಕ್ಷರ ಓದು. ಕ್ಲೋಬೆಟಸಾಲ್ ಅಥವಾ ಬೆಟಾಮೆಥಾಸೋನ್ ಇರತೈತಿ, ಜೊತಿಗೆ ಬೂಷ್ಟಿನ ಔಷಧ, ಆ್ಯಂಟಿಬಯೋಟಿಕ್. ಕ್ಲೋಬೆಟಸಾಲ್ ಹಚ್ಚೋ ಸ್ಟಿರಾಯ್ಡಿನ್ಯಾಗ ಅತಿ ಬಿರುಸಿಂದು. ಬಣ್ಣದ ಕಣ ಮಂಕಾಗಿ ಚರ್ಮ ಬೆಳ್ಳಗ ಕಾಣತೈತಿ, ಬಿಟ್ಟ ಮ್ಯಾಲೆ ಮೊದಲಿಗಿಂತ ಕರ್ರಗ ತಿರುಗತೈತಿ. ಮುಂದುವರಿಸಿದ್ರ ಚರ್ಮ ಈರುಳ್ಳಿ ಸಿಪ್ಪಿಯಂಗ ತೆಳ್ಳಗಾಗಿ ಕೆಂಪು ನರ ಕಾಣತಾವ, ಮುಖದ ಮ್ಯಾಲೆ ಗುಳ್ಳಿ, ಕೂದಲು ಬರತಾವ, ತೊಡಿ ಸಂದ್ಯಾಗ ಪಟ್ಟಿ ಹರೀತಾವ. ಆ ಪಟ್ಟಿ ಮತ್ತ ಕೂಡಂಗಿಲ್ಲ. ಹುಳಕಡ್ಡಿಗೆ ಹಚ್ಚಿದ್ರ ಅದು ಅಡಗಿ ಕುಂತು ಮೈ ತುಂಬ ಹಬ್ಬತೈತಿ. 2018ರಾಗ ಕೇಂದ್ರ ಸರ್ಕಾರ ಇಂಥ ಹಚ್ಚೋ ಸ್ಟಿರಾಯ್ಡುಗಳನ್ನ ಡಾಕ್ಟ್ರ ಚೀಟಿ ಇಲ್ಲದ ಮಾರಬಾರದು ಅಂತ ಷೆಡ್ಯೂಲ್ ಎಚ್ ಪಟ್ಟಿಗೆ ಹಾಕಿದ್ದು ಇದಕ್ಕ. ಕೇಳಿದ ಕೂಡಲೇ ಕೊಡೋ ಅಂಗಡಿ ಇದ್ರ ಆ ಅಂಗಡಿಯವರು ತಪ್ಪು ಮಾಡತಾರ. ನಮ್ಮ ಕಸುಬಿನವರಿಗೇ ಹೇಳೋ ಮಾತು ಇದು.

ಬಳ್ಳಾರಿ ಕೋಟೆ
ಹಳೆಯ ಕಂದು ಕಲೆಗಳಿಗೆ ಏನಿದೆ? ಮೈ ಉಜ್ಜುವ ಕಲ್ಲಿನಿಂದ ದಿನಾ ಉಜ್ಜಿದರೆ ಮೇಲಿನ ಪದರ ಹೋಗಿ ತಿಳಿಯಾಗುವುದಿಲ್ಲವೇ?

ರಾಯಚೂರು ಚರ್ಮ ವೈದ್ಯ
ಉಜ್ಜಿದರೆ ಕಪ್ಪಾಗುತ್ತೆ ಸರ್. ಉಜ್ಜಾಟವೂ ಕೆಣಕೋದೇ.

ಹಳೆ ಕಲೆಗೆ ಮೊದಲ ಔಷಧ ಬಿಸಿಲಿಂದ ಮರೆ. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟೋ ಬಿಸಿಲು. ಕಾಲಿಗೆ ಪೂರ್ತಿ ಮುಚ್ಚೋ ತೆಳು ಹತ್ತಿಯ ಬಟ್ಟೆ ಯಾವ ಕ್ರೀಮಿಗಿಂತಲೂ ಗಟ್ಟಿ. ಮುಚ್ಚಲಾಗದ ಕಡೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನು. ಮುಖ ಮತ್ತು ಕುತ್ತಿಗೆಗೆ ಒಂದು ಟೀ ಚಮಚ, ಒಂದು ತೋಳಿಗೆ ಒಂದು, ಒಂದು ಇಡೀ ಕಾಲಿಗೆ ಎರಡು. ಜನ ಹಚ್ಚೋದು ಇದರ ಕಾಲು ಭಾಗ, ಆಮೇಲೆ ಕೆಲಸ ಮಾಡಲಿಲ್ಲ ಅಂತಾರೆ. ಬೆವರಿದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕಣ್ಣಿಗೆ ಕಾಣೋ ಬೆಳಕೂ ನಮ್ಮ ಮೈಬಣ್ಣವನ್ನು ಕಪ್ಪಾಗಿಸುತ್ತೆ. ಅದನ್ನು ತಡೆಯೋದು ಐರನ್ ಆಕ್ಸೈಡ್ ಇರೋ, ಚರ್ಮದ ಬಣ್ಣದ ಸನ್‌ಸ್ಕ್ರೀನು.

ಹಚ್ಚೋ ಔಷಧದಲ್ಲಿ ಅಜೆಲಾಯಿಕ್ ಆಸಿಡ್ 10ರಿಂದ 20% ನಮ್ಮವರಿಗೆ ಹೊಂದುತ್ತೆ, ಬಸುರಿಯರಿಗೂ ನಡೆಯುತ್ತೆ. ಮೊದಲ ವಾರ ಎರಡು ದಿನಕ್ಕೊಮ್ಮೆ ರಾತ್ರಿ, ಉರಿ ಇಲ್ಲದಿದ್ದರೆ ದಿನಾ. ನಯಾಸಿನಮೈಡ್ 4–5% ಸೌಮ್ಯ. ಫಲ ಕಾಣೋಕೆ ಎಂಟರಿಂದ ಹನ್ನೆರಡು ವಾರ ಬೇಕು. ಹೈಡ್ರೋಕ್ವಿನೋನ್ ವೈದ್ಯರ ಕಣ್ಣಳತೆಯಲ್ಲಿ ಮೂರು ತಿಂಗಳ ಒಳಗೆ ಮಾತ್ರ. ವರ್ಷಗಟ್ಟಲೆ ಹಚ್ಚಿದವರಿಗೆ ಬೂದಿ-ನೀಲಿ ಕಲೆ ಕೂತುಬಿಡುತ್ತೆ, ಅದನ್ನು ತೆಗೆಯೋದು ಬಹಳ ಕಷ್ಟ. ಟ್ರೆಟಿನಾಯಿನ್ ಬಸುರಿಯರಿಗೆ ಬೇಡ. ಐದು ವರ್ಷದ ಕೂಸಿಗೆ ಇವ್ಯಾವೂ ಬೇಡ: ಬಟ್ಟೆ, ಕೊಬ್ಬರಿ ಎಣ್ಣೆ, ಹೊಸ ಕಡಿತ ಆಗದಂತೆ ಕಾವಲು. ಮಕ್ಕಳ ಬಣ್ಣದ ಕಲೆ ತಾನೇ ತಿಳಿಯಾಗುತ್ತೆ.

ಹಕ್ಕಳೆ ಉದುರಿದ ಕಡೆ ಬಿಳಿ ಮಚ್ಚೆ ಬಂದರೆ ತೊನ್ನು ಅಂತ ಗಾಬರಿ ಆಗಬೇಡ್ರಿ. ಬಹುಪಾಲು ಅದು ಮಾಯುತ್ತಿರೋ ಚರ್ಮ, ಬಣ್ಣ ತಿರುಗಿ ತುಂಬಿಕೊಳ್ಳುತ್ತೆ.

ಕೊಪ್ಪಳ ಆರೋಗ್ಯ ಕಾರ್ಯಕರ್ತೆ
ಎಲ್ಲವನ್ನೂ ಸೊಳ್ಳೆ ಮೇಲೆ ಹಾಕಬೇಡಿ. ಮೂರು ನಾಲ್ಕು ಕಡಿತ ಸಾಲಾಗಿದ್ದರೆ ತಗಣಿ ನೋಡಿ: ಮಂಚದ ಸಂದು, ಹಾಸಿಗೆಯ ಹೊಲಿಗೆ, ಕರಿ ಚುಕ್ಕೆಯಂಥ ಹಿಕ್ಕೆ. ಬಟ್ಟೆಗಳನ್ನು 60 ಡಿಗ್ರಿ ಬಿಸಿ ನೀರಲ್ಲಿ ಒಗೆಯಿರಿ, ಮಂಚದ ಸಂದಿಗೆ ಕುದಿನೀರು ಹೊಯ್ಯಿರಿ. ದಪ್ಪ ಹಾಸಿಗೆ ಬರೀ ಬಿಸಿಲಿಗೆ ಹಾಕಿದರೆ ನಡುವಿನ ಹುಳ ಸಾಯುವುದಿಲ್ಲ. ಪಾದ, ಹಿಮ್ಮಡಿ ಸುತ್ತ ಮಾತ್ರ ಇದ್ದರೆ ನಾಯಿ-ಬೆಕ್ಕಿನ ಚಿಕ್ಕಾಡು. ಮನೆಮಂದಿಗೆಲ್ಲ ರಾತ್ರಿ ತುರಿಕೆ, ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಇದ್ದರೆ ಅದು ಕಡಿತವಲ್ಲ, ಹುರಕು. ಅದಕ್ಕೆ ಪರ್ಮೆಥ್ರಿನ್ 5% ಕ್ರೀಮು, ಕುತ್ತಿಗೆಯಿಂದ ಪಾದದ ತನಕ, 8ರಿಂದ 12 ತಾಸು ಬಿಟ್ಟು ಸ್ನಾನ, ವಾರ ಬಿಟ್ಟು ಇನ್ನೊಮ್ಮೆ, ಮನೆಯವರೆಲ್ಲ ಒಂದೇ ದಿನ.

ಎರಡರಿಂದ ಹತ್ತು ವರ್ಷದ ಕೆಲವು ಮಕ್ಕಳಿಗೆ ಒಂದು ಹೊಸ ಕಡಿತವಾದರೆ ಹಳೆಯ ಹತ್ತು ಜಾಗಗಳೂ ಮತ್ತೆ ಎದ್ದು ತುರಿಸುತ್ತವೆ. ದೊಡ್ಡವರಾಗುತ್ತಾ ಮೈ ಒಗ್ಗಿ ಕಡಿಮೆಯಾಗುತ್ತದೆ, ಅಲ್ಲಿ ತನಕ ಪ್ರತಿ ಕಡಿತವನ್ನೂ ತಪ್ಪಿಸಲೇಬೇಕು. ಸೊಳ್ಳೆ ಪರದೆಗೆ ಚದರ ಇಂಚಿಗೆ 156 ಕಣ್ಣು ಇರಬೇಕು, ಅಂಚು ಹಾಸಿಗೆಯ ಅಡಿಗೆ ಸೇರಿರಬೇಕು, ಮಲಗಿದವರ ಕಾಲು ಪರದೆಗೆ ತಾಗಬಾರದು. ತಾಗಿದರೆ ಹೊರಗಿಂದಲೇ ಚುಚ್ಚುತ್ತದೆ. ಸೊಳ್ಳೆ ಓಡಿಸುವ ಡೀಟ್ ಕ್ರೀಮು ಎರಡು ತಿಂಗಳ ಒಳಗಿನ ಕೂಸಿಗೆ ಬೇಡ. ದೊಡ್ಡ ಮಕ್ಕಳಿಗೂ ಅಂಗೈಗೆ, ಕಣ್ಣ ಹತ್ತಿರ, ಒಡೆದ ಗಾಯದ ಮೇಲೆ ಬೇಡ. ಸನ್‌ಸ್ಕ್ರೀನು ಮೊದಲು, ಇದು ಆಮೇಲೆ. ಡ್ರಮ್ಮು, ತೊಟ್ಟಿ ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಿರಿ. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ.

ಒಂದು ಎಚ್ಚರಿಕೆ: ಹೊಲಕ್ಕೆ, ಪೊದೆಗೆ ಹೋಗಿಬಂದವರಿಗೆ ನೋವಿಲ್ಲದ, ಬೀಡಿ ಸುಟ್ಟಂಥ ಕರಿ ಹಕ್ಕಳೆ ಇದ್ದು ಜ್ವರ ಬಂದರೆ ಅದು ಬರೀ ಕಲೆಯಲ್ಲ. ಸ್ಕ್ರಬ್ ಟೈಫಸ್ (ಪೊದೆಯ ಸಣ್ಣ ನುಸಿ ಕಡಿದು ಬರುವ ಜ್ವರ) ಇರಬಹುದು. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಹುಡುಕಿ ನೋಡಿ, ಅದೇ ದಿನ ವೈದ್ಯರಿಗೆ ತೋರಿಸಿ.

ಕಾರಟಗಿ ತಾಯಿ
ಎಲ್ಲಾ ಬರಕೊಂಡೀನ್ರಿ. ಕಡೀ ಪ್ರಶ್ನಿ: ಗುಂಡಿ ಬಿದ್ದ ಎರಡು ಜಾಗ, ಮತ್ತ ಒಂದು ಕಡೆ ಉಬ್ಬಿ ಗಟ್ಟಿ ಆಗಾಕ ಹತ್ತೈತಿ, ಅದಕ್ಕೇನು?

ರಾಯಚೂರು ಚರ್ಮ ವೈದ್ಯ
ಗುಂಡಿಗೆ ಈಗ ಏನೂ ಮಾಡಬೇಡ್ರಿ. ಬೆಳೆಯೋ ಮಕ್ಕಳಲ್ಲಿ ಒಂದೆರಡು ವರ್ಷದಲ್ಲಿ ಅಂಚು ಸ್ವಲ್ಪ ಸಮ ಆಗಬಹುದು.

ಉಬ್ಬಿದ್ದಕ್ಕೆ ಚರ್ಮ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ತೆಳ್ಳಗೆ ದಿನಕ್ಕೆ ಎರಡು ಸಲ, ಅಥವಾ ಸಿಲಿಕೋನ್ ಹಾಳೆ ದಿನಕ್ಕೆ 12 ತಾಸಿಗೆ ಕಡಿಮೆ ಇಲ್ಲದಂತೆ, ಕನಿಷ್ಠ ಮೂರು ತಿಂಗಳು. ಬೇಸಿಗೆಯಲ್ಲಿ ಹಾಳೆಯ ಕೆಳಗೆ ಬೆವರು ಕೂರುತ್ತೆ, ಮಕ್ಕಳಿಗೆ ಜೆಲ್ ವಾಸಿ. ಉಬ್ಬು ಮೂಲ ಗಾಯದ ಗಡಿಯೊಳಗೇ ಇದೆಯಾ ಅಂತ ತಿಂಗಳಿಗೊಮ್ಮೆ ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆದಿಡ್ರಿ. ಗಡಿ ದಾಟಿ ಹೊರಗೆ ಬೆಳೀತಾ ಇದ್ದರೆ ಅದು ಕೀಲಾಯ್ಡ್. ಅದರೊಳಗೇ ಚುಚ್ಚುಮದ್ದು ಕೊಡಬೇಕಾಗುತ್ತೆ. ಅದನ್ನು ಕತ್ತರಿಸಿ ತೆಗೀತೀನಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ್ರಿ, ಬರೀ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಬರೋ ಸಂಭವ ಹೆಚ್ಚು. ನಾಳೆ ಹಕ್ಕಳೆ ತೋರಿಸೋಕೆ ಹೋದಾಗಲೇ ಇದನ್ನೂ ತೋರಿಸ್ರಿ, ಮೊದಲ ಫೋಟೋ ಅವತ್ತಿನದೇ ಆಗಲಿ.